ಅಡ್ಡಿ ಏನಿಲ್ಲ ಮೇಡಂ

2007 ಜನವರಿ 8, ಸೋಮವಾರ

ಟಿ. ನರಸೀಪುರದ ಆಫೀಸಿಗೆ ಎಂಟೂಕಾಲರ ಬಸ್ಸು, ಕಿಟಕಿ ಪಕ್ಕದ ಸೀಟು. ನಂಜನಗೂಡು ದಾಟುವವರೆಗೆ ಕವಿತೆ, ಆಮೇಲೆ ಪ್ರಿಂಟೌಟು. ಬಿಂದುಶ್ರೀ ಕೊಟ್ಟ ದೊಡ್ಡ ಕಟ್ಟು. ಎಲ್ಲ ಇಂಗ್ಲಿಷು, ಎಲ್ಲ ಅಜೈಲ್ ಎಂಬ ಹೊಸ ಪದ್ಧತಿಯ ಬಗ್ಗೆ. "ಓದಿ ಮೇಡಂ. ಆಮೇಲೆ ನಮ್ಮ ಫೀಲ್ಡ್ ವರ್ಕರ್ಸ್‌ಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಒಂದು ಕೈಪಿಡಿ ಮಾಡ್ಕೊಡಿ" ಎಂದಿದ್ದಾಳೆ. ಕಾಲೇಜಿನ ಪಾರ್ಟ್‌ಟೈಮ್ ಪಾಠ ನಿಂತುಹೋದ ಮೇಲೆ ಕನ್ನಡ ಎಂ.ಎ.ಗೆ ಈ ಟ್ರಸ್ಟು ಕೊಟ್ಟ ಕೆಲಸ. ದಾಖಲೆ ಮತ್ತು ತರಬೇತಿ.

ಬಿಂದುಶ್ರೀ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್. ಮೈಸೂರಿನ ಹುಡುಗಿ, ಇನ್ನೂ ಮೂವತ್ತಾಗಿಲ್ಲ. ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವಳೂ ಅವಳೇ. ಟಿ. ನರಸೀಪುರದ ಸುತ್ತಲಿನ ಊರುಗಳ ಬಸುರಿಯರ ವಿವರ ಕಂಪ್ಯೂಟರಿಗೆ ಹೋಗಬೇಕು. ಯಾರಿಗೆ ಅಪಾಯವಿದೆ ಎನ್ನುವುದು ಮೊದಲೇ ಗೊತ್ತಾಗಬೇಕು. ಅಷ್ಟೇ ಪ್ರಾಜೆಕ್ಟು. ಒಳ್ಳೆಯ ಪ್ರಾಜೆಕ್ಟು.

ಇವತ್ತಿನಿಂದ ಸ್ಟ್ಯಾಂಡಪ್. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡು ಮೀಟಿಂಗು. ಕೂತರೆ ಮಾತು ಬೆಳೆಯುತ್ತದಂತೆ. ಮೂರು ಪ್ರಶ್ನೆ — ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡ್ಡಿ ಏನಾದರೂ ಇದೆಯಾ.

ಫೀಲ್ಡಿನ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಬಂದು ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ನಿಂತರು. "ಅಲ್ಲಲ್ಲ, ದುಂಡಗೆ ನಿಲ್ಲೋಣ, ಇಲ್ಲಿ ದೊಡ್ಡೋರು ಚಿಕ್ಕೋರು ಇಲ್ಲ" ಎಂದು ಬಿಂದುಶ್ರೀ ಕೈಹಿಡಿದು ನಿಲ್ಲಿಸಿದಳು. ಸ್ವಲ್ಪ ಹೊತ್ತು ದುಂಡಗಿದ್ದರು. ನೋಡನೋಡುತ್ತಾ ಮತ್ತೆ ಗೋಡೆಗೆ ಸರಿದರು.

"ಅಡ್ಡಿ ಅಂದ್ರೆ ಏನವ್ವ?" — ಮರಿತಾಯಮ್ಮ. ಎಲ್ಲರಿಗಿಂತ ಹಿರಿಯಳು, ಸೋಸಲೆಯವಳು. ಮೊದಲು ಸೂಲಗಿತ್ತಿ, ಈಗ ಟ್ರಸ್ಟಿನ ಕೆಲಸ.

"ಕೆಲಸದಲ್ಲಿ ಏನಾದ್ರೂ ತೊಂದರೆ ಇದೆಯಾ ಅಂತ."

"ಅಯ್ ತೊಂದ್ರೆ ಏನಿದ್ದದು. ಏನಿಲ್ಲ ಬುಡಿ."

ಪಕ್ಕದಲ್ಲಿದ್ದ ಕವನಳೂ ಅದನ್ನೇ ಹೇಳಿದಳು. "ಅಡ್ಡಿ ಏನಿಲ್ಲ ಮೇಡಂ." ಸಾಲಿನ ಕೊನೆಯವರೆಗೂ ಅದೇ ಮಾತು. ಬೇಗ ಮುಗಿಯಿತು. ಬಿಂದುಶ್ರೀಗೆ ಖುಷಿ.

ಸಂಜೆ ಮನೆಯಲ್ಲಿ ಇವರಿಗೆ ಹೇಳಿದೆ. ನಕ್ಕರು. "ನಿಂತ್ಕೊಂಡೇ ಮೀಟಿಂಗಾ? ನಮ್ಮ ಗೊಬ್ಬರದ ಅಂಗಡೀಲಿ ಬೆಳಗಿಂದ ಸಂಜೆವರೆಗೂ ಅದೇ ಕಣೆ. ನಮಗ್ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ."

ಜನವರಿ 11, ಗುರುವಾರ

ಅಜೈಲ್‌ಗೆ ಕನ್ನಡದಲ್ಲಿ ಏನೆನ್ನಲಿ? ಚುರುಕು ಎಂದು ಬರೆದೆ. ಹೊಡೆದುಹಾಕಿದೆ. ಚುರುಕು ಎಂದರೆ ಓಟವಾಗುತ್ತದೆ. ಪ್ರಿಂಟೌಟಿನಲ್ಲಿ ಓಟದ ಮಾತಿಲ್ಲ.

ನನಗೆ ತಿಳಿದಷ್ಟು — ಒಂದು ವರ್ಷಕ್ಕಾಗುವಷ್ಟು ಯೋಜನೆಯನ್ನು ಮೊದಲೇ ಬರೆದು ಅದಕ್ಕೆ ಜೋತುಬೀಳಬೇಡ. ಸ್ವಲ್ಪ ಮಾಡು. ಯಾರಿಗಾಗಿ ಮಾಡುತ್ತಿದ್ದೀಯೋ ಅವರ ಮುಂದೆ ಇಡು. ಅವರು ಏನೆನ್ನುತ್ತಾರೆ ಕೇಳು. ಬದಲಿಸು. ಮತ್ತೆ ಇಡು. ಕಾಗದಪತ್ರಕ್ಕಿಂತ ಮನುಷ್ಯರು ಮುಖ್ಯ.

ಇಷ್ಟೇನಾ? ಮೂರು ಸಲ ಓದಿದೆ. ಇಷ್ಟೇ. ಇದಕ್ಕೆ ಇಷ್ಟೊಂದು ಇಂಗ್ಲಿಷು ಯಾಕೆ ಬೇಕಾಯಿತೋ.

ಜನವರಿ 20, ಶನಿವಾರ

ಡೆಮೊ. ಎರಡು ವಾರಕ್ಕೊಮ್ಮೆ ಆದಷ್ಟು ಕೆಲಸವನ್ನು ತೋರಿಸಬೇಕು, ಬಳಸುವವರು ತಪ್ಪು ಹೇಳಬೇಕು. ಬಿಂದುಶ್ರೀ ಪ್ರೋಗ್ರಾಮ್ ತೆರೆದಳು. ಒಂದೊಂದಾಗಿ ಪ್ರಶ್ನೆ ಬರುತ್ತದೆ, ಫೀಲ್ಡಿನಲ್ಲಿ ಕೇಳಿಕೊಂಡು ಬಂದ ಉತ್ತರ ತುಂಬಬೇಕು. ಒಂದು ಬಿಟ್ಟರೆ ಮುಂದಿನದು ತೆರೆಯುವುದಿಲ್ಲ.

"ಹೇಗಿದೆ? ಏನು ಬದಲಾಯಿಸಬೇಕು? ಧೈರ್ಯವಾಗಿ ಹೇಳಿ."

ಚೆನ್ನಾಗೈತೆ ಮೇಡಂ. ಚಂದಾಗೈತೆ. ಬಣ್ಣ ಬೋ ಚಂದಾಗೈತೆ.

ಜೀಪಿನ ಡ್ರೈವರ್ ಮಾದು ಬಾಗಿಲಲ್ಲೇ ನಿಂತು ಇಣುಕಿ, "ಟೀವಿ ಇದ್ದಂಗದೆ ಕಣ್ರೀ" ಎಂದ. ಎಲ್ಲರೂ ನಕ್ಕರು. ಬಿಂದುಶ್ರೀ ಗೋಡೆಯ ಬೋರ್ಡಿನಲ್ಲಿ ಈ ಕೆಲಸದ ಹೆಸರು ಬರೆದಿದ್ದ ಕಾರ್ಡನ್ನು ತೆಗೆದು "ಮುಗಿದಿದೆ" ಎನ್ನುವ ಕಡೆಗೆ ಅಂಟಿಸಿದಳು.

ಫೆಬ್ರವರಿ 6, ಮಂಗಳವಾರ

ಕವನ ನನ್ನ ಪುಸ್ತಕ ವಾಪಸ್ಸು ತಂದಳು. ಕವಿತೆಗಳ ಪುಸ್ತಕ, ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಯಿಂದ ಕೇಳಿ ಪಡೆದಿದ್ದಳು. ಒಂದು ಪುಟದ ಮೂಲೆ ಮಡಿಸಿತ್ತು.

"ಪೂರ್ತಿ ಅರ್ಥ ಆಗ್ಲಿಲ್ಲ ಮೇಡಂ. ಓದಿದ್ರೆ ಎದೇಲಿ ಒಂಥರಾ ಆಯ್ತದೆ, ಅಷ್ಟೇಯ."

ಎಂ.ಎ. ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ತಗಡೂರಿನ ಹುಡುಗಿ. ಪಿಯುಸಿ. ಸೋಸಲೆಯ ಪಕ್ಕದ ಊರಿಗೆ ಮದುವೆಯಾಗಿ ಬಂದಿದ್ದಾಳೆ. ಗಂಡ ಪ್ರೇಮ್‌ಕುಮಾರ್‌ಗೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ. ಚೊಚ್ಚಲ ಬಸುರಿ, ಆರನೇ ತಿಂಗಳು. ಸೆರಗು ಎಷ್ಟೇ ಎಳೆದುಕೊಂಡರೂ ಕಾಣುತ್ತದೆ.

"ಮಾರ್ಚ್‌ಗೆ ನಮ್ದೆಲ್ಲ ಕಾಂಟ್ರಾಕ್ಟ್ ಮುಗೀತದೆ ಮೇಡಂ. ಮತ್ತೆ ತಗೋವಾಗ, ಇವಳು ಬಸುರಿ, ಊರೂರು ಸುತ್ತಕ್ಕಾಗಲ್ಲ ಅಂದ್ಬುಟ್ರೆ?"

"ಬಸುರಿಯರಿಗಾಗಿ ಇರೋ ಪ್ರಾಜೆಕ್ಟು ಕಣೆ ಇದು. ಹಾಗನ್ನೋದುಂಟಾ?"

ನಕ್ಕಳು. ನಂಬಿದಂತೆ ಕಾಣಲಿಲ್ಲ.

ಫೆಬ್ರವರಿ 19, ಸೋಮವಾರ

ಸ್ಟ್ಯಾಂಡಪ್ ಉದ್ದವಾಗುತ್ತಿದೆ. ಹೆಂಗಸರ ಮಾತಿನಿಂದಲ್ಲ, ಬಿಂದುಶ್ರೀಯ ಮಾತಿನಿಂದ. ಕವನ ಕಾಲು ಬದಲಿಸಿ ಬದಲಿಸಿ ನಿಂತಿದ್ದಳು.

ಮೀಟಿಂಗ್ ಆದ ಮೇಲೆ ಬಿಂದುಶ್ರೀಗೆ ಹೇಳಿದೆ, ಕೂತು ಮಾಡೋಣ ಎಂದು. "ಕೂತ್ರೆ ಅದು ಸ್ಟ್ಯಾಂಡಪ್ ಹೇಗಾಗುತ್ತೆ ಮೇಡಂ? ಒಂದು ರೂಲ್ ಸಡಿಲ ಬಿಟ್ರೆ ಎಲ್ಲಾ ಹೋಗುತ್ತೆ. ಆದರೆ ಕವನ ಬೇಕಾದ್ರೆ ಕೂತ್ಕೊಳ್ಳಲಿ, ಖಂಡಿತ." ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ತಾನೇ ಒಂದು ಕುರ್ಚಿ ತಂದು ಹಾಕಿದಳು.

ಫೆಬ್ರವರಿ 20, ಮಂಗಳವಾರ

ಕವನ ಕುರ್ಚಿಯಲ್ಲಿ ಕೂರಲಿಲ್ಲ. ಬಿಂದುಶ್ರೀ ಎರಡು ಸಲ ಹೇಳಿದಳು, ನಾನು ಒಂದು ಸಲ. "ಇರ್ಲಿ ಮೇಡಂ, ಇರ್ಲಿ."

ಆಮೇಲೆ ಹೊರಗೆ ಕೇಳಿದೆ, ಯಾಕೆ ಎಂದು. ತಲೆ ತಗ್ಗಿಸಿದಳು.

"ದೊಡ್ಡಮ್ಮ ನಿಂತವ್ರೆ. ನೀವು ನಿಂತಿದ್ದೀರಿ. ಮ್ಯಾನೇಜ್ರು ನಿಂತವ್ರೆ. ನಾನೊಬ್ಳು ಎಂಗೆ ಮೇಡಂ ಕುರ್ಚಿ ಮ್ಯಾಲೆ…"

ದೊಡ್ಡಮ್ಮ ಎಂದರೆ ಮರಿತಾಯಮ್ಮ.

ಒತ್ತಾಯ ಮಾಡಲಿಲ್ಲ. ಅವಳನ್ನು ಮುಜುಗರಕ್ಕೆ ಸಿಕ್ಕಿಸುವುದು ಬೇಡ ಎನ್ನಿಸಿತು.

ಮಾರ್ಚ್ 5, ಸೋಮವಾರ

ತಿಂಗಳ ಕೊನೆಗೆ ಹಣ ಕೊಡುವವರು ನೋಡಲು ಬರುತ್ತಾರೆ. ಬೋರ್ಡಿನ ಮೇಲೆ ಈಗ ಪ್ರತಿಯೊಬ್ಬರ ಹೆಸರು, ಅದರ ಕೆಳಗೆ ಅವರವರ ಊರಿನ ಕಾರ್ಡು. ಕವನಳ ಕಾರ್ಡು ಹಿಂದೆ ಬಿದ್ದಿವೆ. ಇಡೀ ಕೋಣೆಗೆ ಕಾಣುತ್ತದೆ.

ಬಿಂದುಶ್ರೀ ಮೃದುವಾಗಿಯೇ ಕೇಳಿದಳು. "ಕವನ, ನಿಮಗೇನಾದ್ರೂ ಅಡ್ಡಿ ಇದ್ಯಾ?"

ಎಲ್ಲರೂ ಅವಳ ಕಡೆ ತಿರುಗಿದರು.

"ಏನಿಲ್ಲ ಮೇಡಂ. ಇವತ್ತು ಬಾಕಿ ಎಲ್ಲಾ ಮುಗಿಸ್ತೀನಿ."

ಹೊರಗೆ ಚಪ್ಪಲಿಗಳ ನಡುವೆ ಒಂದು ಜೊತೆ ಗಂಡಸಿನ ಹವಾಯಿ ಚಪ್ಪಲಿ. ಮಾದುವಿನದು ಎಂದುಕೊಂಡೆ. ಕವನ ಅದನ್ನು ಮೆಟ್ಟಿಕೊಂಡಳು. ಪಾದ ಬಾತಿತ್ತು, ಮುಖವೂ ತುಂಬಿಕೊಂಡಂತಿತ್ತು.

"ಇದೇನೇ?"

"ಬಿಸಿಲಿಗೆ ಕಣ್ಮೇಡಂ. ನಮ್ಮೋರ ಚಪ್ಲಿ ಸಡ್ಲ ಆಯ್ತದೆ ಅಂತ…"

ಮರಿತಾಯಮ್ಮನೂ ನೋಡಿದಳು. "ಚೊಚ್ಚಲಲ್ವಾ, ಊದ್ಕತದೆ. ಉಪ್ಪು ಕಮ್ಮಿ ಮಾಡು" ಎಂದಳು. ನನಗೂ ಸಮಾಧಾನವಾಯಿತು. ತಪಾಸಣೆಗೆ ಹೋಗಿದ್ದೆಯಾ ಎಂದು ಕೇಳಿದೆ. ಹೋದ ಸಲದ ದಿನ ಸುತ್ತಬೇಕಾದ ಊರು ಬಾಕಿ ಇತ್ತಂತೆ. ಈ ಸಲ ಹೋಗುತ್ತಾಳಂತೆ.

ಮಧ್ಯಾಹ್ನ ಕೈಪಿಡಿಯ ಮೂರನೇ ಅಧ್ಯಾಯ. "ಅಡ್ಡಿಯನ್ನು ನಿಸ್ಸಂಕೋಚವಾಗಿ ಹೇಳುವುದೇ ಈ ಪದ್ಧತಿಯ ಜೀವಾಳ." ವಾಕ್ಯ ಚೆನ್ನಾಗಿ ಬಂತು.

ಮಾರ್ಚ್ 13, ಮಂಗಳವಾರ. ಮಧ್ಯಾಹ್ನ ಮೂರು

ಮೈಸೂರು. ಆಸ್ಪತ್ರೆಯ ಮೆಟ್ಟಿಲು.

ಕವನ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿದ್ದಳು. ಅಡ್ಡಿ ಏನಿಲ್ಲ ಎಂದಳು. ಹನ್ನೊಂದರ ಹೊತ್ತಿಗೆ ಒಂದು ಮನೆಯ ಬಾಗಿಲಲ್ಲಿ, ಪ್ರಶ್ನೆ ಕೇಳುತ್ತಿರುವಾಗಲೇ ಬಿದ್ದಳಂತೆ. ಕೈಕಾಲು ಸೆಟೆದುಕೊಂಡು ಫಿಟ್ಸ್. ಮಾದು ಎತ್ತಿ ಜೀಪಿಗೆ ಹಾಕಿಕೊಂಡು ಬಂದ. ಆಫೀಸಿನ ಮುಂದೆ ನಾನೂ ಹತ್ತಿದೆ. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ದಾರಿಯಲ್ಲಿ ಇನ್ನೊಂದು ಸಲ ಬಂತು.

ಬಿ.ಪಿ. ವಿಪರೀತ ಏರಿದೆ. ಬಸುರಿನ ನಂಜು. ಮಗು ತೆಗೆಯಲೇಬೇಕಂತೆ. ಎಂಟು ತುಂಬಿಲ್ಲ.

ಪ್ರೇಮ್‌ಕುಮಾರ್ ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಓಡಿ ಬಂದ. "ತಲೆನೋವು, ಕಣ್ಣು ಮಂಜಾಯ್ತದೆ ಅಂತಿದ್ಲು ಮೇಡಂ. ರಜ ಹಾಕು ಅಂದೆ. ಕಾಂಟ್ರಾಕ್ಟ್ ಆಗ್ಲಿ ಅಂದ್ಲು."

ತಲೆನೋವು. ಕಣ್ಣು ಮಂಜು. ಕಾಲೂತ. ನಮ್ಮ ಪ್ರೋಗ್ರಾಮಿನಲ್ಲಿ ಇದೇ ಪ್ರಶ್ನೆಗಳಿವೆ. ಎಲ್ಲರನ್ನೂ ಅವಳೇ ಕೇಳುತ್ತಿದ್ದಳು.

ಮಾರ್ಚ್ 14, ಬುಧವಾರ

ಹೆಣ್ಣುಮಗು. ಸಂಜೆಯವರೆಗೆ ಇತ್ತು.

ಕವನ ಇನ್ನೂ ಕಣ್ಣು ಬಿಟ್ಟಿಲ್ಲ.

ಮಾರ್ಚ್ 17, ಶನಿವಾರ

ಕಣ್ಣು ಬಿಟ್ಟಳು. ಅಪಾಯವಿಲ್ಲವಂತೆ. ಮಗುವಿನ ವಿಷಯ ಪ್ರೇಮ್‌ಕುಮಾರ್ ಹೇಳಿದ. ನಾನು ಹೊರಗೆ ನಿಂತಿದ್ದೆ. ಅಳು ಕೇಳುತ್ತದೆ ಎಂದು ಕಾದೆ. ಕೇಳಲಿಲ್ಲ.

ಮಾರ್ಚ್ 29, ಗುರುವಾರ

ಹಣ ಕೊಡುವವರು ಬಂದು ಹೋದರು. ಬೋರ್ಡು ನೋಡಿ ಮೆಚ್ಚಿದರು. ಒಬ್ಬರು ಫೋಟೊ ತೆಗೆದುಕೊಂಡರು. ಈ ಹೆಸರಿನ ಕೆಳಗೆ ಯಾಕೆ ಕಾರ್ಡು ಉಳಿದಿವೆ ಎಂದು ಕೇಳಿದರು. ಬಿಂದುಶ್ರೀ ಬೋರ್ಡಿನ ಕಡೆ ತಿರುಗಿ ನಿಂತಳು. ನಾನೇ ಏನೋ ಹೇಳಿದೆ.

ಅವರು ಹೋದ ಮೇಲೆ ಬಿಂದುಶ್ರೀ ನೆಲದ ಮೇಲೆ ಕುಸಿದು ಕೂತಳು. "ನಾನು ದಿನಾ ಕೇಳಿದ್ದೆ ಅಲ್ವಾ ಮೇಡಂ? ಒಂದು ದಿನಾನೂ ಬಿಡದೆ ಕೇಳಿದ್ದೆ. ಒಂದು ಸಲ… ಒಂದೇ ಒಂದು ಸಲ ಹೇಳಬಹುದಿತ್ತಲ್ವಾ?"

ಬಾಗಿಲಲ್ಲಿದ್ದ ಮರಿತಾಯಮ್ಮ ಒಳಗೆ ಬಂದಳು. ಅವಳ ಪಕ್ಕದಲ್ಲಿ ಕೂತಳು.

"ಕೇಳುದ್ರಿ ಕಣವ್ವ. ಸುಳ್ಳಲ್ಲ. ಸಾಲಾಗಿ ನಿಲ್ಲುಸ್ಕಂಡು ಕೇಳುದ್ರಿ. ನಾವು ಯಾರ್ ಮುಂದೆ ನಿಂತ್ಕಂಡಿದ್ರೂ ಏನಿಲ್ಲ ಅಂತ್ಲೇ ಅನ್ನದು. ಗೌಡ್ರು ಮನೇಲೂ ಅಷ್ಟೇಯ, ಕಚೇರೀಲೂ ಅಷ್ಟೇಯ. ನಿಂತ್ಕಂಡು ಕಷ್ಟ ಯೋಳಿ ನಮ್ಗೆ ರೂಢಿ ಇಲ್ಲ." ಆಮೇಲೆ ತನ್ನ ಕೈ ನೋಡಿಕೊಂಡು, "ನಂದೇನು ದೊಡ್ಡಸ್ತಿಕೆ? ಎಷ್ಟು ಎರಿಗೆ ಮಾಡುಸಿವ್ನಿ. ಆ ಕಾಲು ನೋಡಿ ಉಪ್ಪು ಕಮ್ಮಿ ಮಾಡು ಅಂದೆ."

ನಾನೂ ನೆಲಕ್ಕೆ ಕೂತೆ.

ಬಸ್ಸಿನಲ್ಲಿ ಪ್ರಿಂಟೌಟು ಮತ್ತೆ ತೆಗೆದೆ. ನಿಲ್ಲಬೇಕು ಎಂದು ಬರೆದವರ ಊರಿನಲ್ಲಿ ಎಲ್ಲರೂ ದಿನವೆಲ್ಲ ಕೂತೇ ಇರುತ್ತಾರೆ. ಅವರಿಗೆ ನಿಲ್ಲುವುದೆಂದರೆ ಬಿಗುಮಾನ ಬಿಡುವುದು. ನಮ್ಮಲ್ಲಿ ಕೆಲವರು ಹುಟ್ಟಿದಂದಿನಿಂದ ನಿಂತೇ ಇದ್ದಾರೆ. ನಾವು ಪ್ರಿಂಟೌಟಿನವರ ಭಂಗಿಯನ್ನು ತಂದೆವು. ಅದರ ಕಾರಣವನ್ನು ಅಲ್ಲೇ ಬಿಟ್ಟು ಬಂದೆವು.

ಏಪ್ರಿಲ್ 4, ಬುಧವಾರ

ಕವನಳ ಮನೆಗೆ ಹೋದೆ. ನಡುಮನೆಯ ಕತ್ತಲಲ್ಲಿ ಮಲಗಿದ್ದಳು. ಒಳಗೆ ಕಾಲಿಟ್ಟರೆ ಮಲ್ಲಿಗೆಯ ವಾಸನೆ, ಗಮ್ಮೆನ್ನುವಷ್ಟು. ಹೂ ಮುಡಿದಿದ್ದಾಳಾ ಎಂದು ನೋಡಿದೆ. ಕೂದಲು ಬರಿದು.

ಮರಿತಾಯಮ್ಮ ಬಂದು ಅವಳ ಎದೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬಾಡಿದ ಮಲ್ಲಿಗೆ ಉದುರಿತು. ಹೊಸ ಹೂವಿಟ್ಟು ಮತ್ತೆ ಬಿಗಿಯಾಗಿ ಕಟ್ಟಿದಳು. ಹಾಲು ಬತ್ತಲು.

ನನಗೆ ಗೊತ್ತಿರಲಿಲ್ಲ. ಎಷ್ಟು ಕವಿತೆಗಳಲ್ಲಿ ಮಲ್ಲಿಗೆ ಓದಿದ್ದೇನೆ. ಇದಕ್ಕೂ ಬರುತ್ತದೆ ಎಂದು ಯಾವುದರಲ್ಲೂ ಇರಲಿಲ್ಲ.

ನಾನು ಹೊರಡುವಾಗ ಕವನ ಕೇಳಿದಳು — "ನನ್ನ ಊರು ಯಾರು ನೋಡ್ಕತಾವ್ರೆ ಮೇಡಂ?"

ಏಪ್ರಿಲ್ 20, ಶುಕ್ರವಾರ

ಸ್ಟ್ಯಾಂಡಪ್ ಇಲ್ಲ. ಬಿಂದುಶ್ರೀಯೇ ಹೇಳಿದಳು, ಇನ್ನು ಆಫೀಸಿನಲ್ಲಿ ಬೇಡ, ಅವರಿರುವ ಕಡೆಗೇ ಹೋಗೋಣ ಎಂದು. ಸೋಸಲೆ, ಮರಿತಾಯಮ್ಮನ ಜಗಲಿ. ಚಾಪೆ. ಬಿಂದುಶ್ರೀಗೆ ಚಕ್ಕಳಮಕ್ಕಳ ಹಾಕಿ ಅಭ್ಯಾಸವಿಲ್ಲ, ಗಳಿಗೆಗೊಮ್ಮೆ ಕಾಲು ಚಾಚುತ್ತಿದ್ದಳು.

"ಏನವ್ವ, ನಿಮ್ ಕಾಲು ಸ್ಟ್ಯಾಂಡಪ್ಗೇ ಹುಟ್ಟವಾ?" — ಮರಿತಾಯಮ್ಮ.

ಯಾರೂ ಮೂರು ಪ್ರಶ್ನೆ ಕೇಳಲಿಲ್ಲ. ಅವರೆಕಾಳು ಹುರಿದದ್ದು ಬಂತು, ಕಾಫಿ ಬಂತು. ಎಷ್ಟೋ ಹೊತ್ತಿನ ಮೇಲೆ, ಹಿಂದೆ ಗೋಡೆಗೊರಗಿ ಕೂತಿದ್ದ ಮಲ್ಲಾಜಮ್ಮ ಬಾಯಿ ಬಿಟ್ಟಳು. ಅವಳೂ ಫೀಲ್ಡಿನವಳೇ, ಇಷ್ಟು ದಿನ ಅವಳ ದನಿಯನ್ನೇ ಕೇಳಿರಲಿಲ್ಲ.

"ಒಂದ್ ಮಾತು ಮೇಡಂ. ನಿಮ್ ಕಂಪೂಟ್ರು ಎತ್ತೇಟ್ಗೇ ಗಂಡನೆಸ್ರ ಕೇಳ್ತದಲ್ಲ, ಅದ ಯಾವ ಎಣ್ಣು ಯೋಳ್ತಾಳೆ?"

ಬಿಂದುಶ್ರೀ ಕಣ್ಣರಳಿಸಿದಳು. "ಹೇಳಲ್ವಾ? ಮತ್ತೆ ಇಷ್ಟು ದಿನ ಹೇಗೆ ಬರ್ಕೊಂಡ್ರಿ?"

"ಪಕ್ಕದ ಮನೆಯೋರ ಕೇಳದು. ಅವ್ರು ಒಲಕ್ಕೋಗಿದ್ರೆ ಅತ್ತೆ ಬರಗಂಟ ಕಾಯದು. ನಾನಂತೂ ಕಾಯಕ್ಕಿಲ್ಲಪ್ಪ, ನಂಜುಂಡ ಅಂತ ಬರ್ದು ಮುಂದಕ್ಕೋಯ್ತೀನಿ. ಈ ಸೀಮೇಲಿ ಅರ್ಧಕ್ಕರ್ಧ ಸರಿಯಾಯ್ತದೆ."

ಜಗಲಿಯೆಲ್ಲ ನಗು. ಮರಿತಾಯಮ್ಮ ನನ್ನ ಕಡೆ ತಿರುಗಿದಳು. "ಮಂಗಳವ್ವ, ನೀವು ಓದ್ದೋರು. ಯೋಳಿ ನೋಡಾನ ನಿಮ್ ಯಜಮಾನ್ರೆಸ್ರ!"

ನಾಲಿಗೆ ಏಳಲಿಲ್ಲ. ಇಷ್ಟು ವರ್ಷದ ಈ ದಿನಚರಿಯಲ್ಲೂ "ಇವರು" ಎಂದೇ ಬರೆದಿದ್ದೇನೆ ಎನ್ನುವುದು ಆಗ ಹೊಳೆಯಿತು. "ಮಲ್ಲಾಜಮ್ಮನ ಅರ್ಧದಲ್ಲಿ ನಮ್ಮನೆಯವರೂ ಇದ್ದಾರೆ" ಎಂದಷ್ಟೇ ಹೇಳಿದೆ. ಮತ್ತೆ ನಗು. ಬಿಂದುಶ್ರೀ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾರ್ಚಿನಿಂದ ಈಚೆಗೆ ಇದೇ ಮೊದಲು.

ನಗು ಇಳಿಯುತ್ತಿದ್ದಂತೆ ಮರಿತಾಯಮ್ಮ ಅಂದಳು. "ಕವನ ಅಂಗೆ ಸುಳ್ಳು ಬರೆಯೋಳಲ್ಲ. ಗಂಡನೆಸ್ರು ಸಿಕ್ಕಗಂಟ ಬಾಗ್ಲಲ್ಲೇ ನಿಂತಿರೋಳು. ಆ ಬಿಸ್ಲಲ್ಲಿ."

ಬಿಂದುಶ್ರೀ ಚಾಚಿದ ಕಾಲನ್ನು ಮಡಿಸಿಕೊಂಡಳು.

ಏಪ್ರಿಲ್ 30, ಸೋಮವಾರ

ಪ್ರೋಗ್ರಾಮ್ ಬದಲಾಯಿತು. ಮೊದಲ ಪ್ರಶ್ನೆ ಈಗ ತಲೆನೋವು, ಊತ, ಕಣ್ಣು ಮಂಜು. ಗಂಡನ ಹೆಸರು ಎಲ್ಲಕ್ಕಿಂತ ಕೊನೆಗೆ, ಬರೆಯದಿದ್ದರೂ ನಡೆಯುತ್ತದೆ. ಬಿಂದುಶ್ರೀ ಒಂದೇ ದಿನದಲ್ಲಿ ಮಾಡಿಬಿಟ್ಟಳು. "ಇಷ್ಟೇ ಕೆಲಸ ಮೇಡಂ. ಒಂದು ದಿನದ್ದು" ಎಂದಳು. ಕಂಪ್ಯೂಟರಿನಿಂದ ಮುಖ ತಿರುಗಿಸದೆ.

ಬೋರ್ಡಿನಲ್ಲಿ ಹೆಸರುಗಳಿಲ್ಲ. ಎಲ್ಲರ ಕಾಂಟ್ರಾಕ್ಟೂ ಮುಂದುವರಿದಿದೆ, ಕವನಳದ್ದೂ. ಅವಳದ್ದಕ್ಕೆ ಬಿಂದುಶ್ರೀ ಟ್ರಸ್ಟಿನವರ ಹತ್ತಿರ ಜಗಳವಾಡಿ ಬಂದಿದ್ದಾಳೆ ಎಂದು ಮಾದು ಹೇಳಿದ.

ಕೈಪಿಡಿಯಲ್ಲಿ ಮುಕ್ಕಾಲು ಹೊಡೆದುಹಾಕಿದೆ. ಪದ್ಧತಿಯ ಹೆಸರಿಗೆ ಕನ್ನಡ ಹುಡುಕುವುದನ್ನೂ ಬಿಟ್ಟೆ. ಮಾಡುವುದು, ತೋರಿಸುವುದು, ಬದಲಿಸುವುದು ಇವೆಲ್ಲ ಹೇಗೋ ಕಲಿಯಬಹುದು. ನಡುವೆ "ಕೇಳುವುದು" ಎಂದು ಒಂದು ಇದೆಯಲ್ಲ, ಜನವರಿಯಲ್ಲಿ ಮೂರು ಪದದಲ್ಲಿ ದಾಟಿಬಿಟ್ಟಿದ್ದೆ. ಎದುರಿಗಿರುವವರಿಗೆ ಹೇಳಲು ಆಗುವಂಥ ಜಾಗವನ್ನು ಮೊದಲು ಮಾಡಿಕೊಡಬೇಕು. ಅದಕ್ಕೆ ಎಷ್ಟು ದಿನ ಬೇಕೋ ಯಾವ ಪ್ರಿಂಟೌಟಿನಲ್ಲೂ ಇಲ್ಲ.

ತಿಳಿಯುವುದಕ್ಕೆ ಕೊಟ್ಟ ಬೆಲೆ ನಮ್ಮದಲ್ಲ. ಇದನ್ನು ಕೈಪಿಡಿಯಲ್ಲಿ ಬರೆಯಲು ಬರುವುದಿಲ್ಲ.

ಮೇ 8, ಮಂಗಳವಾರ

ಕವನ ಬಂದಳು. ಇನ್ನೂ ಸ್ವಲ್ಪ ದಿನ ಇರು ಎಂದು ಎಲ್ಲರೂ ಹೇಳಿದ್ದೆವು. ಮನೆಯಲ್ಲಿ ಕೂತರೆ ಗೋಡೆ ನೋಡಬೇಕು ಎಂದಳಂತೆ. ಪ್ರೇಮ್‌ಕುಮಾರ್ ಸೈಕಲ್ಲಿನಲ್ಲಿ ಬಿಟ್ಟು ಹೋದ.

ಸೊರಗಿದ್ದಾಳೆ. ಜಗಲಿಯಲ್ಲಿ ನನಗೂ ಮರಿತಾಯಮ್ಮನಿಗೂ ನಡುವೆ ಕೂತಳು. ಊರುಗಳನ್ನು ಹಂಚಿಕೊಳ್ಳುವ ಮಾತು ನಡೆಯಿತು. ಬಸುರಿಯರನ್ನು ನೋಡುವುದು, ಹೆತ್ತವರ ಮನೆಗೆ ಹೋಗಿ ಮಗುವಿನ ತೂಕ ನೋಡುವುದು. ಎಲ್ಲ ಮುಗಿಯುತ್ತಾ ಬಂದಿತ್ತು.

"ಮೇಡಂ… ನಂಗೊಂದು ಅಡ್ಡಿ ಐತೆ."

ಬಿಂದುಶ್ರೀ ಪೆನ್ನು ಕೆಳಗಿಟ್ಟಳು.

"ಬಾಣಂತಿ ಮನೆಗೆ ಹೋಗಕ್ಕಾಗಲ್ಲ. ನಮ್ಮ ಪಕ್ಕದ ಮನೇಲಿ ಮಗ ಐತೆ. ಅದು ಅತ್ರೆ ನಂಗೆ ಹಾಲು ಸುರೀತದೆ ಮೇಡಂ. ಇನ್ನೂ ಸುರೀತದೆ. ಸೀರೆ ಎಲ್ಲಾ ನೆಂದೋಯ್ತದೆ."

ನೆಲ ನೋಡುತ್ತಾ ಹೇಳಿದಳು. ಬಿಂದುಶ್ರೀ ಕೈ ಚಾಚಿ ಅವಳ ಕೈ ಹಿಡಿದಳು.

"ಬಾಣಂತೀರ ನಂಗ್ ಬುಡು" ಎಂದಳು ಮರಿತಾಯಮ್ಮ. "ನನ್ ಬಸುರೀರ ನೀ ನೋಡ್ಕೋ. ಆಯ್ತಾ? ಯಾವತ್ತು ಆಯ್ತದೆ ಅನ್ಸುತ್ತೋ ಅವತ್ತು ಯೋಳು. ಆಗ್ದೇ ಇದ್ರೂ ಬುಡು, ನಾನೇನು ನಾಳಿಕ್ಕೇ ಸಾಯಕ್ಕಿಲ್ಲ."

ಕವನ ತಲೆ ಆಡಿಸಿದಳು. ಆಮೇಲೆ ಅತ್ತಳು. ಆಸ್ಪತ್ರೆಯ ಬಾಗಿಲಲ್ಲಿ ನಾನು ಕಾದ ಅಳು. ಎಷ್ಟು ಹೊತ್ತು ಅತ್ತಳೋ, ಯಾರೂ ಏಳಲಿಲ್ಲ.

ಮೇ 9, ಬುಧವಾರ. ಬೆಳಿಗ್ಗೆ ಹತ್ತೂವರೆ

ಸೋಸಲೆ. ಯಾರದೋ ಮನೆಯ ಜಗಲಿ.

ಬಸ್ಸಿಳಿದಾಗ ಕವನ ಕಾಯುತ್ತಿದ್ದಳು. ಬಸುರಿನುದ್ದಕ್ಕೂ ಅವಳೇ ನೋಡಿಕೊಂಡಿದ್ದ ಹುಡುಗಿಯೊಬ್ಬಳು ಹೋದ ವಾರ ಹೆತ್ತಿದ್ದಾಳೆ. ಕವನಕ್ಕನೇ ಬರಲಿ ಎಂದು ಹೇಳಿ ಕಳಿಸಿದ್ದಾಳೆ.

"ಮರಿತಾಯಮ್ಮ ಹೋಗ್ತಾರಲ್ಲ ಕವನ. ನಿನ್ನೆ ತಾನೇ…"

"ನಿನ್ನೆ ಹೇಳಿದ್ದು ನಿನ್ನೇದು ಮೇಡಂ. ಇವತ್ತು ಹೋಗಿ ನೋಡ್ಬೇಕು ಅನ್ಸುತ್ತೆ. ಆಗ್ದಿದ್ರೆ ಎದ್ದು ಬತ್ತೀನಿ. ನೀವು ಹೊರಗಿರಿ. ಒಳೀಕೆ ಬರಬೇಡಿ."

ಸೆರಗನ್ನು ಎದೆಯ ಮೇಲೆ ಎರಡು ಮಡಿಕೆ ಮಾಡಿ ಸಿಕ್ಕಿಸಿಕೊಂಡಳು. ಹೊಸಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಒಳಗೆ ಹೋದಳು.

ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮಗು ಅಳುತ್ತಿದೆ. ಹೊಸ ಮಗುವಿನ ಅಳು, ಬೆಕ್ಕಿನ ಮರಿಯ ಹಾಗೆ. ಕವನಳ ದನಿ ಕೇಳುತ್ತಿದೆ. ಎಷ್ಟೊತ್ತಿಗೊಮ್ಮೆ ಕುಡೀತದೆ, ಜ್ವರ ಬಂದಿತ್ತಾ, ಕೇಳುತ್ತಿದ್ದಾಳೆ. ತೂಕದ ಜೋಳಿಗೆ ಕಟ್ಟುತ್ತಿರಬೇಕು, ತೊಲೆ ಕಿರುಗುಟ್ಟಿತು.

ಅಳು ಜೋರಾಯಿತು.

ಈಗ ಕವನಳ ದನಿ ಇಲ್ಲ.

ಎದ್ದು ಹೋಗಿ ನೋಡಲೇ. ಬರಬೇಡಿ ಎಂದಿದ್ದಾಳೆ. ಕೂತೇ ಇದ್ದೇನೆ. ಕರೆದರೆ ಮಾತ್ರ —